ಹಲಸು ಹಣ್ಣಾಗುವ ಮೊದಲೇ ಆನೆ ಎಣಿಸಿದರೆ

ಬಂದರಿನಂಥ ಯೋಜನೆಗಳಿಂದ ತಿಮಿಂಗಿಲ, ಡಾಲ್ಫಿನ್‌ಗಳಿಗೆ ಆಗುವ ಪರಿಣಾಮವನ್ನು ಅಳೆಯುವ ಬಗ್ಗೆ ಮಡಿಕೇರಿಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳನ್ನು ಇಲ್ಲಿ ಬರೆದಿದ್ದೇನೆ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವು ಕೊನೆಯಲ್ಲಿವೆ.

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಕೇಳಿ ನನ್ನ ಅಣ್ಣನೇ ಫೋನ್ ಮಾಡಿದ್ದ. "ಕೊಡಗಿನಲ್ಲಿ ನಿಂತು ತಿಮಿಂಗಿಲದ ಬಗ್ಗೆ ಮಾತಾಡ್ತೀಯಾ? ನಮ್ಮಲ್ಲಿ ಕಡಲೆಲ್ಲಿದೆ?" ಅಂತ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ನಿಮ್ಮಲ್ಲೂ ಹಲವರ ಮನಸ್ಸಿನಲ್ಲಿ ಇದ್ದೀತು. ಮೊದಲು ಅದಕ್ಕೇ ಬರುತ್ತೇನೆ.

ತಲಕಾವೇರಿಯಲ್ಲಿ ಹುಟ್ಟುವ ನೀರು ಸುಮಾರು 800 ಕಿಲೋಮೀಟರ್ ಹರಿದು ಪೂಂಪುಹಾರ್ ಹತ್ತಿರ ಬಂಗಾಳ ಕೊಲ್ಲಿ ಸೇರುತ್ತದೆ. ಕಾವೇರಿ ಬಯಲಿನ ತೆಂಕಣ ಅಂಚಿನಲ್ಲಿ ಪಾಕ್ ಕೊಲ್ಲಿ ಇದೆ. ಅಲ್ಲಿ ತಂಜಾವೂರು, ಪುದುಕ್ಕೋಟೆ ಜಿಲ್ಲೆಗಳ ಕರಾವಳಿಯಲ್ಲಿ 448 ಚದರ ಕಿಲೋಮೀಟರ್ ಕಡಲನ್ನು ತಮಿಳುನಾಡು ಸರ್ಕಾರ 2022ರಲ್ಲಿ ಕಡಲಹಸುವಿಗೆ ಮೀಸಲಿಟ್ಟಿತು. ಕಡಲಹಸು ಅಂದರೆ ಡುಗಾಂಗ್. ಕಡಲ ತಳದ ಹುಲ್ಲು ಮೇಯುವ ಸಾಧು ಪ್ರಾಣಿ. ಇನ್ನು ಪಡುವಣ ಕಡೆ ನೋಡಿ. ಬ್ರಹ್ಮಗಿರಿ ಕಡೆಯ ಬರಪೊಳೆ ಕೇರಳಕ್ಕೆ ಇಳಿದು ವಳಪಟ್ಟಣಂ ಹೊಳೆಯಾಗಿ ಕಣ್ಣೂರಿನ ಅಳೀಕಲ್‌ನಲ್ಲಿ ಕಡಲು ಸೇರುತ್ತದೆ. ಪಯಸ್ವಿನಿ ಸುಳ್ಯ ದಾಟಿ, ಚಂದ್ರಗಿರಿ ಅನ್ನಿಸಿಕೊಂಡು ಕಾಸರಗೋಡಿನಲ್ಲಿ ಸೇರುತ್ತದೆ. ನಮ್ಮ ಒಂದೇ ಜಿಲ್ಲೆಯ ಮಳೆ ಎರಡು ಕಡಲಿಗೆ ಹೋಗುತ್ತದೆ.

ಮಳೆ ಮಾತ್ರ ಅಲ್ಲ, ನಮ್ಮ ಕಾಫಿಯೂ ಹೋಗುತ್ತದೆ. ಕಣದಲ್ಲಿ ಒಣಗಿದ ಕಾಫಿ ಸಿಪ್ಪೆ ತೆಗೆದು ಹಸನು ಮಾಡುವ ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ಗೆ ಹೋಗಿ, ಅಲ್ಲಿಂದ ಲಾರಿಯಲ್ಲಿ ಘಾಟಿ ಇಳಿಯುತ್ತದೆ. ನವಮಂಗಳೂರು ಬಂದರಿನಲ್ಲಿ ಹಡಗು ಹತ್ತುತ್ತದೆ. ಆ ಹಡಗಿನ ಸದ್ದಿನಲ್ಲಿ ನಮ್ಮದೂ ಒಂದು ಪಾಲಿದೆ ಅಲ್ವಾ?

ನಾನು ಹುಟ್ಟಿದ್ದು ಸಿದ್ದಾಪುರದ ಹತ್ತಿರದ ಒಂದು ತೋಟದಲ್ಲಿ. ಅಪ್ಪ ಅಲ್ಲಿ ರೈಟರ್, ಅಂದರೆ ತೋಟದ ಲೆಕ್ಕಪತ್ರ ಬರೆಯುವವರು, ಆಗಿದ್ದರು. ಪ್ರಾಣಿಶಾಸ್ತ್ರ ಓದಿದ ಮೇಲೆ ಕರಾವಳಿಗೆ ಹೋದೆ. ಬಂದರು, ಜೆಟ್ಟಿ ಕಟ್ಟುವ ಮೊದಲು ಪರಿಸರ ಪರಿಣಾಮದ ವರದಿ ಮಾಡಬೇಕಲ್ಲ, ಆ ವರದಿಗೆ ಬೇಕಾದ ಸಮೀಕ್ಷೆಯ ದೋಣಿಗಳಲ್ಲಿ ಹಲವು ವರ್ಷ ಕೆಲಸ ಮಾಡಿದೆ. ಅದರಲ್ಲಿ ಒಂದು ಸಮೀಕ್ಷೆಯ ಕಥೆ ಹೇಳಲೇಬೇಕು.

ಅದು ಫೆಬ್ರವರಿ. ಒಂಬತ್ತು ದಿನ ದೋಣಿಯಲ್ಲಿ ಹೋದೆವು. ಹೊರಡುವ ಹೊತ್ತಿಗೆ ಬೆಳಗಿನ ಹತ್ತು ಗಂಟೆ ದಾಟುತ್ತಿತ್ತು. ಮಧ್ಯಾಹ್ನ ಗಾಳಿ ಏಳುತ್ತಿತ್ತು. ಅಲೆಗಳ ತಲೆ ಬೆಳ್ಳಗಾದ ಮೇಲೆ ಡಾಲ್ಫಿನ್ನಿನ ಬೆನ್ನು ಹುಡುಕುವುದು ಅಂದರೆ ಹೊಳೆಯುವ ತಗಡಿನ ಮೇಲೆ ಸೂಜಿ ಹುಡುಕಿದ ಹಾಗೆ. ಒಂಬತ್ತು ದಿನವೂ ನಮಗೆ ಏನೂ ಕಾಣಲಿಲ್ಲ. ಕೊನೆಯ ದಿನ ದಡದಲ್ಲಿ ಬಲೆ ಹೊಲಿಯುತ್ತಿದ್ದ ಒಬ್ಬ ಹಿರಿಯರು ಹೇಳಿದರು: "ನೀವು ಬರೋದು ಹೊತ್ತಲ್ಲದ ಹೊತ್ತಿಗೆ ತಮ್ಮ. ಬೆಳಕು ಹರಿಯೋ ಮುಂಚೆ, ಉಬ್ಬರದ ನೀರಿಗೆ ಅಳಿವೆ ಬಾಯಿಗೆ ಬನ್ನಿ. ಮೀನಿನ ಹಿಂಡಿನ ಹಿಂದೆ ಅವು ಬರ್ತವೆ." ಮಾರನೇ ದಿನ ನಮ್ಮ ದೋಣಿಯ ಬಾಡಿಗೆ ಮುಗಿದಿತ್ತು.

ವರದಿ ಬಂತು. ಒಂದು ಪುಟದಲ್ಲಿ "ಯೋಜನಾ ಪ್ರದೇಶದಲ್ಲಿ ಕಡಲ ಸಸ್ತನಿಗಳು ಕಂಡುಬಂದಿಲ್ಲ" ಅಂತ ಇತ್ತು. ಅದು ನಿಜ. ನಾಲ್ಕು ಪುಟ ಆದ ಮೇಲೆ ಅದೇ ಮಾತು "ಕಡಲ ಸಸ್ತನಿಗಳು ಇಲ್ಲದ ಕಾರಣ ಪರಿಣಾಮ ಇರುವುದಿಲ್ಲ" ಅಂತ ಆಗಿತ್ತು. ಕಂಡುಬಂದಿಲ್ಲ ಅನ್ನೋದು ಇಲ್ಲ ಅಂತ ಆಗಿಬಿಟ್ಟಿತ್ತು. ಸಮೀಕ್ಷೆಯ ಹಾಳೆಗಳ ಮೇಲೆ ನನ್ನ ಸಹಿಯೂ ಇತ್ತು. ಆಗ ನಾನು ಬಾಯಿ ಬಿಡಲಿಲ್ಲ. ಆ ನೋವು ಇನ್ನೂ ಇದೆ. ಇವತ್ತು ಇಲ್ಲಿ ನಿಂತಿರುವುದಕ್ಕೆ ಅದೂ ಒಂದು ಕಾರಣ.

ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾರೋ ಒಬ್ಬರು ಫೆಬ್ರವರಿಯಲ್ಲಿ ನಿಮ್ಮ ತೋಟಕ್ಕೆ ಬಂದರು ಅಂತ ಇಟ್ಟುಕೊಳ್ಳಿ. ಒಂಬತ್ತು ದಿನ ಹಗಲು ಹೊತ್ತಿನಲ್ಲಿ ಜೀಪಿನಲ್ಲಿ ಸುತ್ತಿದರು. "ಇಲ್ಲಿ ಆನೆ ಇಲ್ಲ" ಅಂತ ಬರೆದುಕೊಂಡು ಹೋದರು. ನೀವು ಒಪ್ಪುತ್ತೀರಾ? ಹಲಸು ಹಣ್ಣಾಗುವ ಕಾಲಕ್ಕೆ ಬಂದು ನೋಡಿ ಅನ್ನುತ್ತೀರಿ. ಗದ್ದೆಯಲ್ಲಿ ಭತ್ತ ಬಲಿಯುವಾಗ ರಾತ್ರಿ ಬನ್ನಿ ಅನ್ನುತ್ತೀರಿ. ಲದ್ದಿ ತೋರಿಸುತ್ತೀರಿ, ಮುರಿದ ಬೇಲಿ ತೋರಿಸುತ್ತೀರಿ. ಆನೆ ಕಣ್ಣೆದುರು ಇಲ್ಲದಿದ್ದರೂ ಅದರ ದಾರಿ ಇದೆ ಅನ್ನೋದು ಇಲ್ಲಿನ ಮಕ್ಕಳಿಗೂ ಗೊತ್ತು. ಕಡಲಿನಲ್ಲೂ ಹಾಗೆಯೇ. ಆದರೆ ಅಲ್ಲಿ ಲದ್ದಿ ಉಳಿಯುವುದಿಲ್ಲ, ಬೇಲಿಯೂ ಇಲ್ಲ.

ನಮ್ಮ ಕರಾವಳಿಯಲ್ಲಿ ಯಾರಿದ್ದಾರೆ ಅಂತ ಸ್ವಲ್ಪ ಹೇಳುತ್ತೇನೆ. ಮುಖ್ಯವಾಗಿ ಗೂನುಬೆನ್ನಿನ ಡಾಲ್ಫಿನ್. ಬೆನ್ನಿನ ಮೇಲೆ ಡುಬ್ಬ ಇರುತ್ತದೆ, ಅದರ ಮೇಲೆ ಚಿಕ್ಕ ರೆಕ್ಕೆ. ಇದು ಆಳ ಕಡಲಿಗೆ ಹೋಗುವುದಿಲ್ಲ. ಹೆಚ್ಚಾಗಿ 25 ಮೀಟರಿಗಿಂತ ಕಡಿಮೆ ಆಳದ ನೀರಿನಲ್ಲಿ, ದಡದ ಹತ್ತಿರ, ಅಳಿವೆಗಳ ಸುತ್ತ ಇರುತ್ತದೆ. ನಾವು ಬಂದರು ಕಟ್ಟುವುದೂ ಅಂಥ ಜಾಗದಲ್ಲೇ. ಇದರ ಕಷ್ಟವೆಲ್ಲ ಇಲ್ಲಿಂದಲೇ ಶುರು. ಮೂರು ವರ್ಷಕ್ಕೊಂದು ಮರಿ ಆದರೆ ಹೆಚ್ಚು. ಇನ್ನೊಂದು ಕಡಲಹಂದಿ, ಪಾರ್ಪಾಯಿಸ್. ಇದಕ್ಕೆ ಬೆನ್ನಿನ ರೆಕ್ಕೆಯೇ ಇಲ್ಲ. ನೀರು ಕನ್ನಡಿಯ ಹಾಗೆ ಇದ್ದರೆ ಮಾತ್ರ ಕಣ್ಣಿಗೆ ಬೀಳುತ್ತದೆ.

ಇನ್ನು ದೊಡ್ಡವರು. ಅರಬ್ಬಿ ಕಡಲಿನಲ್ಲಿ ಒಂದು ಹಂಪ್‌ಬ್ಯಾಕ್ ತಿಮಿಂಗಿಲದ ಬಳಗ ಇದೆ. ಬೇರೆ ಕಡೆಯ ಹಂಪ್‌ಬ್ಯಾಕ್‌ಗಳು ವರ್ಷಕ್ಕೊಮ್ಮೆ ಧ್ರುವದ ಕಡೆಗೆ ಹೋಗಿ ಬರುತ್ತವೆ. ಇವು ಹೋಗುವುದಿಲ್ಲ, ವರ್ಷವಿಡೀ ಇಲ್ಲೇ ಇರುತ್ತವೆ. ಒಮಾನ್ ಕಡೆ ಮಾಡಿದ ಲೆಕ್ಕದಲ್ಲಿ ನೂರಕ್ಕಿಂತ ಕಡಿಮೆ ಸಿಕ್ಕಿವೆ. ಅದರಲ್ಲಿ ಒಂದು ಹೆಣ್ಣಿಗೆ ಲುಬಾನ್ ಅಂತ ಹೆಸರಿಟ್ಟು, ಉಪಗ್ರಹಕ್ಕೆ ಸಂಕೇತ ಕಳಿಸುವ ಟ್ಯಾಗ್ ಹಾಕಿದ್ದರು. 2017ರ ಕೊನೆಯಲ್ಲಿ ಅದು ಒಮಾನ್ ಬಿಟ್ಟು ಇಡೀ ಅರಬ್ಬಿ ಕಡಲು ದಾಟಿ ಗೋವಾ ಕಡೆಗೆ ಬಂತು. ಆಮೇಲೆ ಭಾರತದ ದಕ್ಷಿಣದ ತುದಿಯವರೆಗೂ ಇಳಿದು, ತಿರುಗಿ ಒಮಾನಿಗೆ ಹೋಯಿತು. ಗೋವಾದಿಂದ ದಕ್ಷಿಣಕ್ಕೆ ಅಂದರೆ ನಮ್ಮ ಕಾರವಾರ, ಮಂಗಳೂರಿನ ಆಚೆಯ ಕಡಲಿನಲ್ಲೇ. ಟ್ಯಾಗ್ ಇಲ್ಲದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಈಗ ಸದ್ದಿನ ವಿಷಯ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ.

ಕೇಟಿ ಪೇನ್ ಅಂತ ಅಮೆರಿಕದ ಒಬ್ಬ ವಿಜ್ಞಾನಿ. ಗಂಡ ರೋಜರ್ ಪೇನ್ ಜೊತೆ ಸೇರಿ ಹಂಪ್‌ಬ್ಯಾಕ್ ತಿಮಿಂಗಿಲಗಳ ಹಾಡನ್ನು ವರ್ಷಗಟ್ಟಲೆ ಕೇಳಿದವರು. 1984ರಲ್ಲಿ ಅವರು ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಹತ್ತಿರ ನಿಂತಿದ್ದರು. ಕಿವಿಗೆ ಏನೂ ಕೇಳುತ್ತಿರಲಿಲ್ಲ. ಆದರೆ ಗಾಳಿಯಲ್ಲಿ ಏನೋ ಮಿಡಿದಂತೆ ಮೈಗೆ ಅನ್ನಿಸಿತು. ಆಮೇಲೆ ಉಪಕರಣ ತಂದು ನೋಡಿದರೆ ಆನೆಗಳು ಮಾತಾಡುತ್ತಿದ್ದವು. ಮನುಷ್ಯನ ಕಿವಿಗೆ ನಿಲುಕದಷ್ಟು ತಗ್ಗಿನ ದನಿ, 20 ಹರ್ಟ್ಸ್‌ನ ಆಸುಪಾಸು, ಅಂದರೆ ಸೆಕೆಂಡಿಗೆ 20 ಸಲ ಕಂಪಿಸುವ ದನಿ. ಫಿನ್ ತಿಮಿಂಗಿಲದ ಕರೆಯೂ ಸುಮಾರು 20 ಹರ್ಟ್ಸ್. ನಮ್ಮ ತೋಟದ ಅಂಚಿನಲ್ಲಿ ನಿಂತ ಆನೆಯೂ ನಡುಗಡಲಿನ ತಿಮಿಂಗಿಲವೂ ಹೆಚ್ಚುಕಡಿಮೆ ಒಂದೇ ಶ್ರುತಿಯಲ್ಲಿ ತಮ್ಮವರನ್ನು ಕರೆಯುತ್ತವೆ. ಇದು ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ನೀರಿನಲ್ಲಿ ಬೆಳಕು ದೂರ ಹೋಗುವುದಿಲ್ಲ, ಸದ್ದು ಹೋಗುತ್ತದೆ. ಸೆಕೆಂಡಿಗೆ ಸುಮಾರು 1500 ಮೀಟರ್. ಗಾಳಿಯಲ್ಲಿ ಹೋಗುವ ವೇಗದ ನಾಲ್ಕು ಪಟ್ಟಿಗಿಂತ ಜಾಸ್ತಿ. ಹಾಗಾಗಿ ಈ ಪ್ರಾಣಿಗಳಿಗೆ ಕಿವಿಯೇ ಕಣ್ಣು. ಡಾಲ್ಫಿನ್ ಟಿಕ್ ಟಿಕ್ ಸದ್ದು ಮಾಡಿ, ಅದರ ಮಾರ್ದನಿಯಿಂದ ಮೀನು ಎಲ್ಲಿದೆ ಅಂತ ತಿಳಿಯುತ್ತದೆ. ಕಡಲಹಂದಿಯ ಟಿಕ್ ಸದ್ದು ಸುಮಾರು 1,30,000 ಹರ್ಟ್ಸ್. ನಮ್ಮ ಕಿವಿ ನಿಲ್ಲುವುದು 20,000ಕ್ಕೆ.

ಇಂಥ ಕಡೆ ನಾವು ಏನು ಮಾಡುತ್ತೇವೆ? ಕಡಲ ತಳಕ್ಕೆ ಉಕ್ಕಿನ ಕಂಬ ಬಡಿಯುತ್ತೇವೆ. ಹಡಗು ಬರಲಿ ಅಂತ ಹೂಳೆತ್ತುತ್ತೇವೆ. ಎಣ್ಣೆ ಹುಡುಕಲು ಗಾಳಿಯ ಗುಂಡು ಹಾರಿಸಿ ತಳದ ಬಂಡೆ ತಟ್ಟಿ ನೋಡುತ್ತೇವೆ. ಇವೆಲ್ಲ ಒಂದು ದಿನ ಮುಗಿಯುತ್ತವೆ. ಕಟ್ಟಿದ ಮೇಲೆ ಬರುವ ಹಡಗುಗಳ ಗುಡುಗು ಮಾತ್ರ ಮುಗಿಯುವುದಿಲ್ಲ.

ಆ ಗುಡುಗು ನಿಂತರೆ ಏನಾಗುತ್ತದೆ? ಅಂಥದ್ದು ಒಮ್ಮೆ ಆಗಿತ್ತು, ಒಂದು ದೊಡ್ಡ ದುಃಖದ ನಡುವೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೆಲವು ದಿನ ಅಮೆರಿಕ, ಕೆನಡಾ ಕಡೆ ಹಡಗು ಓಡಾಟ ತುಂಬಾ ಕಡಿಮೆಯಾಯಿತು. ಕೆನಡಾದ ಫಂಡಿ ಕೊಲ್ಲಿಯಲ್ಲಿ ರೈಟ್ ಅನ್ನುವ ಜಾತಿಯ ತಿಮಿಂಗಿಲಗಳ ಅಧ್ಯಯನ ಮಾಡುತ್ತಿದ್ದವರು ಆ ದಿನಗಳಲ್ಲೂ ಕಡಲಿನಲ್ಲಿದ್ದರು. ನೀರಿನೊಳಗಿನ ಸದ್ದು 6 ಡೆಸಿಬೆಲ್ ಇಳಿದಿತ್ತು. ತಿಮಿಂಗಿಲದ ಲದ್ದಿಯಲ್ಲಿ ಒತ್ತಡದ ಹಾರ್ಮೋನ್ ಕೂಡ ಇಳಿದಿತ್ತು. ಲದ್ದಿ ಹುಡುಕಲು ದೋಣಿಯ ಮೇಲೆ ನಾಯಿಗಳನ್ನು ಕರೆದುಕೊಂಡು ಹೋಗುತ್ತಿದ್ದರು. ಈ ಎರಡೂ ಲೆಕ್ಕವನ್ನು ಜೋಡಿಸಿ 2012ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಆ ಪ್ರಾಣಿಗಳು ಸದ್ದಿಗೆ ಒಗ್ಗಿಕೊಂಡಿವೆ ಅಂತ ಹೇಳುವವರು ಬಹಳ ಇದ್ದರು. ಒಗ್ಗಿಕೊಂಡಿರಲಿಲ್ಲ, ಓಡಿ ಹೋಗಲು ಬೇರೆ ಜಾಗ ಇರಲಿಲ್ಲ ಅಷ್ಟೆ. ಕಂದಕ, ಸೋಲಾರ್ ಬೇಲಿ, ರೈಲು ಹಳಿಯ ಬೇಲಿಗಳ ನಡುವೆ ಉಳಿದ ಆನೆಯನ್ನು ನೋಡಿ "ಇದಕ್ಕೆ ತೋಟವೇ ಇಷ್ಟ" ಅನ್ನುವವರೂ ಇದ್ದಾರಲ್ಲ, ಹಾಗೆ.

ಹಾಗಾದರೆ ಒಂದು ಯೋಜನೆಯ ಪರಿಣಾಮವನ್ನು ಅಳೆಯುವುದು ಹೇಗೆ? ಅನುಭವದಿಂದ ಹೇಳುತ್ತೇನೆ, ಅರ್ಧ ತೀರ್ಮಾನ ಗೆರೆ ಎಳೆಯುವಾಗಲೇ ಆಗಿಬಿಡುತ್ತದೆ. ಯೋಜನೆ ಎಲ್ಲಿಂದ ಎಲ್ಲಿಯವರೆಗೆ ಅನ್ನುವ ಗೆರೆ.

2018ರ ಆಗಸ್ಟ್ ತಿಂಗಳನ್ನು ನಾವು ಯಾರೂ ಮರೆಯುವುದಿಲ್ಲ. ಮಳೆಗೆ ಗುಡ್ಡ ಕುಸಿದ ಜೋಡುಪಾಲ, ಮಕ್ಕಂದೂರು, ಮಾದಾಪುರ. ಆ ಹೆಸರುಗಳನ್ನು ಹೇಳಿದರೆ ಸಾಕು. ಅದಕ್ಕೆ ಕೆಲವೇ ದಿನ ಮುಂಚೆ ಕೆನಡಾ, ಅಮೆರಿಕದ ಪಡುವಣ ಕರಾವಳಿಯಲ್ಲಿ ಒಂದು ತಾಯಿ ಓರ್ಕಾ, ಅಂದರೆ ಕಪ್ಪು ಬಿಳುಪಿನ ದೊಡ್ಡ ಡಾಲ್ಫಿನ್, ತನ್ನ ಸತ್ತ ಮರಿಯನ್ನು ತಲೆಯ ಮೇಲೆ ಹೊತ್ತು 17 ದಿನ ಈಜಿತು. ಟಹ್ಲೆಕ್ವಾ ಅಂತ ಅದರ ಹೆಸರು. ಆ ಬಳಗದಲ್ಲಿ ಉಳಿದಿರುವುದು ಎಪ್ಪತ್ತು ಚಿಲ್ಲರೆ ಮಾತ್ರ. ತಿನ್ನಲು ಸಾಲ್ಮನ್ ಮೀನು ಸಾಲದು, ನೀರಿನಲ್ಲಿ ಹಡಗಿನ ಸದ್ದು, ಮೈಯ ಕೊಬ್ಬಿನಲ್ಲಿ ಕಾರ್ಖಾನೆಗಳ ಹಳೆಯ ವಿಷ. ಆ ವಿಷ ತಾಯಿಯ ಹಾಲಿನಲ್ಲಿ ಮರಿಗೆ ಹೋಗುತ್ತದೆ, ಚೊಚ್ಚಲ ಮರಿಗೆ ಎಲ್ಲಕ್ಕಿಂತ ಜಾಸ್ತಿ.

ಅದೇ ಕರಾವಳಿಗೆ ಒಂದು ಎಣ್ಣೆ ಕೊಳವೆ ಮಾರ್ಗ ಬರುವುದಿತ್ತು, ಟ್ರಾನ್ಸ್ ಮೌಂಟನ್ ವಿಸ್ತರಣೆ. ಕೊಳವೆ ದೊಡ್ಡದಾದರೆ ಎಣ್ಣೆ ಹಡಗುಗಳು ತಿಂಗಳಿಗೆ ಐದರಿಂದ ಮೂವತ್ತನಾಲ್ಕಕ್ಕೆ ಏರುತ್ತವೆ ಅನ್ನುವ ಲೆಕ್ಕ ಇತ್ತು. ಆದರೆ ಪರಿಶೀಲನೆ ಮಾಡಿದವರು ಯೋಜನೆಯ ಗೆರೆಯನ್ನು ದಡದಲ್ಲೇ ನಿಲ್ಲಿಸಿದ್ದರು. ಹಡಗುಗಳು ಗೆರೆಯ ಆಚೆ. ಹಾಗಾಗಿ ಓರ್ಕಾಗಳಿಗೆ ಆಗುವ ಹಾನಿ ಬರಹದಲ್ಲಿ ಇದ್ದರೂ ತೂಕಕ್ಕೆ ಬರಲಿಲ್ಲ. 2018ರ ಆಗಸ್ಟ್ 30ರಂದು ಕೆನಡಾದ ಮೇಲ್ಮನವಿ ನ್ಯಾಯಾಲಯ ಆ ಒಪ್ಪಿಗೆಯನ್ನು ರದ್ದು ಮಾಡಿತು. ಹಡಗುಗಳನ್ನು ಹೊರಗಿಟ್ಟದ್ದಕ್ಕೆ ಸರಿಯಾದ ಕಾರಣ ಇಲ್ಲ ಅಂದಿತು. ಮೂಲನಿವಾಸಿಗಳ ಮಾತನ್ನು ಸರಿಯಾಗಿ ಕೇಳಿಲ್ಲ ಅನ್ನುವುದು ಇನ್ನೊಂದು ಕಾರಣ. ಮರುಪರಿಶೀಲನೆ ಆಗಿ 2019ರಲ್ಲಿ ಮತ್ತೆ ಒಪ್ಪಿಗೆ ಸಿಕ್ಕಿತು, ಕೊಳವೆಯೂ ಬಂತು. ಅದು ನನಗೆ ಬೇಸರವೇ. ಆದರೂ ಹಡಗನ್ನು ಲೆಕ್ಕಕ್ಕೆ ತರಲೇಬೇಕು ಅನ್ನುವ ಮಾತು ನ್ಯಾಯಾಲಯದ ದಾಖಲೆಯಲ್ಲಿ ಉಳಿಯಿತು.

ಇನ್ನೊಂದು ತಪ್ಪು, ಒಂದೊಂದನ್ನೇ ನೋಡುವುದು. ಹಾಂಗ್‌ಕಾಂಗ್‌ನಲ್ಲಿ ಒಂದು ಗುಲಾಬಿ ಬಣ್ಣದ ಡಾಲ್ಫಿನ್ ಇದೆ, ನಮ್ಮ ಗೂನುಬೆನ್ನಿನದರ ಹತ್ತಿರದ ನಂಟ. 1997ರಲ್ಲಿ ಹಾಂಗ್‌ಕಾಂಗ್ ಚೀನಾಕ್ಕೆ ಸೇರಿದಾಗ ಆ ಸಮಾರಂಭದ ಲಾಂಛನವೇ ಅದು. ಅದರ ಮನೆಯಲ್ಲಿ ಕಡಲು ತುಂಬಿಸಿ 1998ರಲ್ಲಿ ವಿಮಾನ ನಿಲ್ದಾಣ ತೆರೆದರು. ಆಮೇಲೆ ಝುಹಾಯ್, ಮಕಾವ್‌ಗೆ ಉದ್ದದ ಸೇತುವೆ. ವೇಗದ ಫೆರಿ ದೋಣಿಗಳು. 2016ರಿಂದ ಮೂರನೇ ರನ್‌ವೇಗೆ ಇನ್ನೂ 650 ಹೆಕ್ಟೇರ್ ಕಡಲು ತುಂಬಿಸಿದರು. ದೊಡ್ಡ ಕಾಮಗಾರಿಗಳಿಗೆ ಪರಿಸರ ವರದಿ ಇತ್ತು. ಕೆಲಸ ಮುಗಿದ ಮೇಲೆ ಡಾಲ್ಫಿನ್‌ಗಳು ವಾಪಸು ಬರುತ್ತವೆ, ಆಗ ಅವಕ್ಕೆ ರಕ್ಷಿತ ಕಡಲು ಮಾಡುತ್ತೇವೆ ಅಂದರು. 2003ರ ಸುಮಾರಿಗೆ ಹಾಂಗ್‌ಕಾಂಗ್ ನೀರಿನಲ್ಲಿ 150ಕ್ಕೂ ಜಾಸ್ತಿ ಇದ್ದವು. 2018ರ ಹೊತ್ತಿಗೆ 40ಕ್ಕೂ ಕಡಿಮೆ. ನಮ್ಮ ಬೆಟ್ಟದಲ್ಲೂ ಒಂದು ರಸ್ತೆಗೆ ಒಂದು ಒಪ್ಪಿಗೆ, ಒಂದು ಸೈಟಿಗೆ ಇನ್ನೊಂದು. ಎಲ್ಲವನ್ನೂ ಕೂಡಿಸಿ ಇಡೀ ಇಳಿಜಾರು ತಡೆಯುತ್ತದಾ ಅಂತ ನೋಡುವವರು ಯಾರು?

ಮೂರನೆಯದು ಕಾಲ. ನಮ್ಮ ತೋಟಗಳಲ್ಲಿ ಮಳೆ ಪುಸ್ತಕ ಇರುತ್ತದಲ್ಲ? ಅಪ್ಪ ದಿನಾ ಬೆಳಗ್ಗೆ ಮಾಪಕ ನೋಡಿ ಇಂಚು, ಸೆಂಟು ಬರೆಯುತ್ತಿದ್ದರು. ಅವರಿಗಿಂತ ಮುಂಚಿನವರೂ ಬರೆದಿದ್ದರು. ಆ ಪುಸ್ತಕ ಇರುವುದರಿಂದಲೇ ಕಾಫಿ ಹೂ ಅರಳಿಸುವ ಹೂಮಳೆ ಈ ವರ್ಷ ತಡ ಅಂತ ನಾವು ಧೈರ್ಯವಾಗಿ ಹೇಳುತ್ತೇವೆ. ಕಡಲ ಸಸ್ತನಿಗಳಿಗೆ ನಮ್ಮಲ್ಲಿ ಅಂಥ ಪುಸ್ತಕ ಇಲ್ಲ. ಅನೇಕ ಯೋಜನೆಗಳಿಗೆ ಮಳೆಗಾಲ ಬಿಟ್ಟು ಒಂದು ಋತುವಿನ, ಅಂದರೆ ಮೂರು ತಿಂಗಳ ಮಾಹಿತಿ ಸಾಕು ಅಂತ ಇದೆ. ಮಳೆಗಾಲದಲ್ಲಿ ಕಡಲು ಹೇಗಿರುತ್ತದೆ ಅನ್ನುವುದೇ ವರದಿಯಲ್ಲಿ ಬರುವುದಿಲ್ಲ. 2007ರಲ್ಲಿ ಅಮೆರಿಕದ ವಿಜ್ಞಾನಿಗಳು ತಮ್ಮದೇ ಸಮೀಕ್ಷೆಗಳನ್ನು ಪರೀಕ್ಷೆ ಮಾಡಿದರು. 15 ವರ್ಷದಲ್ಲಿ ಸಂಖ್ಯೆ ಅರ್ಧಕ್ಕೆ ಇಳಿದರೂ, ಆಗ ಮಾಡುತ್ತಿದ್ದ ಎಣಿಕೆಯಿಂದ ದೊಡ್ಡ ತಿಮಿಂಗಿಲಗಳಲ್ಲಿ ನೂರಕ್ಕೆ 72 ಸಲ ಆ ಇಳಿಕೆ ಗೊತ್ತೇ ಆಗುವುದಿಲ್ಲ ಅಂತ ಲೆಕ್ಕ ಬಂತು. ಡಾಲ್ಫಿನ್, ಕಡಲಹಂದಿಗಳಲ್ಲಿ 78 ಸಲ. ಅವರ ಹಡಗು, ವಿಮಾನ, ಹಣ ಎಲ್ಲ ಇದ್ದೂ ಹೀಗೆ. ನಮ್ಮ ಒಂಬತ್ತು ದಿನದ ದೋಣಿ ಯಾವ ಮೂಲೆಗೆ?

ಚೆನ್ನಾಗಿ ಮಾಡಿದ ಉದಾಹರಣೆಯೂ ಇದೆ. ರಷ್ಯಾದ ಸಖಾಲಿನ್ ದ್ವೀಪದ ಹತ್ತಿರ ಬೂದು ತಿಮಿಂಗಿಲಗಳು ಬೇಸಿಗೆಯಲ್ಲಿ ಮರಿಗಳ ಜೊತೆ ಮೇಯಲು ಬರುತ್ತವೆ. ಆಗ ಅವು ಸುಮಾರು ನೂರು ಇದ್ದವು ಅಷ್ಟೆ. ಅಲ್ಲೇ ಎಣ್ಣೆ ಸಿಕ್ಕಿತು. ನಿಸರ್ಗ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಬೇರೆ ಬೇರೆ ದೇಶದ ವಿಜ್ಞಾನಿಗಳ ಸಮಿತಿ ಮಾಡಿತು. ಸಾಲ ಕೊಡುವ ಬ್ಯಾಂಕುಗಳೂ ಒತ್ತಾಯ ಮಾಡಿದವು. ಕಂಪನಿ 2005ರಲ್ಲಿ ಕಡಲೊಳಗಿನ ಕೊಳವೆಯನ್ನು ಸುಮಾರು 20 ಕಿಲೋಮೀಟರ್ ದಕ್ಷಿಣಕ್ಕೆ ಸರಿಸಿತು. ವರದಿ ಬಂದ ಮೇಲೆ ನಕ್ಷೆ ಬದಲಾಯಿತು, ನೋಡಿ. ನಕ್ಷೆ ಬದಲಾಗಲು ಜಾಗವನ್ನೇ ಬಿಡದ ವರದಿ ಬರೀ ಕಾಗದ. ಇದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ದೇಶದಲ್ಲಿ ಪರಿಸರ ಪರಿಣಾಮ ವರದಿಯ ಕೆಲಸ 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಪ್ರಕಾರ ನಡೆಯುತ್ತದೆ. ಬಂದರುಗಳೂ ಅದರಡಿ ಬರುತ್ತವೆ. ವರದಿಯ ಸಾರಾಂಶ ಊರಿನ ಭಾಷೆಯಲ್ಲಿ ಸಿಗಬೇಕು. ಸಾರ್ವಜನಿಕ ಅಹವಾಲು ಸಭೆಗೆ 30 ದಿನ ಮುಂಚೆ ಪ್ರಕಟಣೆ ಕೊಡಬೇಕು. ಸಭೆಗೆ ಹೋಗುವುದು ಆ ಊರಿನವರು. ಆದರೆ ಸಂಬಂಧ ಇರುವ ಬೇರೆಯವರೂ ಬರವಣಿಗೆಯಲ್ಲಿ ಅಭಿಪ್ರಾಯ ಕಳಿಸಬಹುದು. ಮಡಿಕೇರಿಯಿಂದಲೂ ಕಳಿಸಬಹುದು. ಎಷ್ಟು ದಿನ, ಯಾವ ತಿಂಗಳು, ಯಾವ ಹೊತ್ತಿನಲ್ಲಿ ನೋಡಿದಿರಿ ಅಂತ ಕೇಳಿ. ನೀರಿನೊಳಗೆ ಸದ್ದು ದಾಖಲಿಸುವ ಯಂತ್ರ ಇಟ್ಟಿದ್ದೀರಾ ಅಂತ ಕೇಳಿ. ರಾತ್ರಿಯೂ ಕಡಲಹಂದಿಯ ಟಿಕ್ ಹಿಡಿಯುವ ಯಂತ್ರಗಳು ಈಗ ಇವೆ. ಕಟ್ಟಿದ ಮೇಲೆ ಎಷ್ಟು ಹಡಗು ಬರುತ್ತದೆ, ಅದನ್ನು ಗೆರೆಯ ಒಳಗೆ ಇಟ್ಟಿದ್ದೀರಾ, ಹೊರಗೆ ಇಟ್ಟಿದ್ದೀರಾ? ದಡದ ಮೀನುಗಾರರನ್ನು ಕೇಳಿದಿರಾ? ಈ ಕೊನೆಯದನ್ನು ನಾನು ಎಂದೂ ಬಿಡುವುದಿಲ್ಲ.

ಇಲ್ಲಿಗೆ ನನ್ನ ಮಾತು ಮುಗಿಯಿತು. ಆಮೇಲೆ ಪ್ರಶ್ನೆಗಳು ಬಂದವು.

ಹೋಂಸ್ಟೇ ನಡೆಸುವ ಒಬ್ಬ ಅಕ್ಕ ಕೇಳಿದರು: "ಹಾಗಾದ್ರೆ ಬಂದರೇ ಬೇಡ ಅಂತೀರಾ?" ಇಲ್ಲ ಅಕ್ಕ. ಜರ್ಮನಿಯವರು ಕಡಲಿನಲ್ಲಿ ಗಾಳಿಯಂತ್ರ ನಿಲ್ಲಿಸುವಾಗ ಕಂಬ ಬಡಿಯುತ್ತಾರೆ. ಆದರೆ 750 ಮೀಟರ್ ದೂರದಲ್ಲಿ ಅಳೆದರೆ ಪ್ರತಿ ಹೊಡೆತದ ಸದ್ದು 160 ಡೆಸಿಬೆಲ್ ಮೀರಬಾರದು. ನೀರಿನ ಡೆಸಿಬೆಲ್ ಲೆಕ್ಕ ಬೇರೆ, ಗಾಳಿಯ ಲೆಕ್ಕಕ್ಕೆ ಹೋಲಿಸಬೇಡಿ. ಕಂಬದ ಸುತ್ತ ತೂತಿನ ಕೊಳವೆ ಹಾಸಿ ಗಾಳಿ ಬಿಡುತ್ತಾರೆ. ಗುಳ್ಳೆಗಳ ಪರದೆ ಏಳುತ್ತದೆ, ಸದ್ದು ಅದರಲ್ಲಿ ತಗ್ಗುತ್ತದೆ. ಮಿತಿ ಹಾಕಿದ ಮೇಲೆ ದಾರಿಯೂ ಹುಡುಕಿಕೊಂಡರು.

ಒಂಬತ್ತನೇ ಕ್ಲಾಸಿನ ಒಂದು ಹುಡುಗಿ ಕೇಳಿದಳು: "ಸರ್, ಮಳೆ ಬಂದ್ರೆ ಕಡಲೊಳಗೆ ಕೇಳಿಸುತ್ತಾ?" ಎಂಥ ಒಳ್ಳೆಯ ಪ್ರಶ್ನೆ! ಕೇಳಿಸುತ್ತದೆ ಮಗಳೇ. ಸಣ್ಣ ತುಂತುರು ಬಿದ್ದಾಗ ಪ್ರತಿ ಹನಿಯ ಕೆಳಗೆ ಪುಟ್ಟ ಗುಳ್ಳೆ ಆಗಿ, ಸುಮಾರು 15,000 ಹರ್ಟ್ಸ್‌ನಲ್ಲಿ ಗಂಟೆಯ ಹಾಗೆ ಮಿಡಿಯುತ್ತದೆ. ಆ ಸದ್ದಿನ ಜೊತೆ ಕಡಲಿನ ಪ್ರಾಣಿಗಳು ಲಕ್ಷಾಂತರ ವರ್ಷದಿಂದ ಬಾಳಿವೆ. ಮಳೆ ಬರುತ್ತದೆ, ನಿಲ್ಲುತ್ತದೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಬೆಳೆಗಾರರು ಎದ್ದರು. ಹಡಗು ನಿಧಾನ ಹೋದರೆ ಉಪಯೋಗ ಉಂಟಾ ಅಂತ ಕೇಳಿದರು. ಉಂಟು. ಹಡಗುಗಳ ವೇಗ ನೂರಕ್ಕೆ ಹತ್ತು ತಗ್ಗಿದರೆ ನೀರಿನೊಳಗೆ ಹೋಗುವ ಸದ್ದಿನ ಶಕ್ತಿ ಅಂದಾಜು ನೂರಕ್ಕೆ 40 ಇಳಿಯುತ್ತದೆ. ಡಿಕ್ಕಿ ಹೊಡೆದು ಸಾಯುವುದೂ ಕಡಿಮೆ ಆಗುತ್ತದೆ. ಅಮೆರಿಕದಲ್ಲಿ 2008ರಿಂದ ರೈಟ್ ತಿಮಿಂಗಿಲಗಳ ಜಾಗದಲ್ಲಿ, ಅವು ಬರುವ ತಿಂಗಳುಗಳಲ್ಲಿ ದೊಡ್ಡ ಹಡಗುಗಳಿಗೆ 10 ನಾಟ್, ಅಂದರೆ ಗಂಟೆಗೆ 10 ನಾಟಿಕಲ್ ಮೈಲಿ, ಮಿತಿ ಇದೆ.

"ಅದರಿಂದ ಎಷ್ಟು ತಡ ಆಗುತ್ತೆ?" ಅಂದರು.

ಇಡೀ ದಾರಿ ಅಲ್ಲ, ಪ್ರಾಣಿಗಳು ಇರುವ ಕಡೆ ಮಾತ್ರ. 30 ನಾಟಿಕಲ್ ಮೈಲಿ ಅಂತ ಇಟ್ಟುಕೊಳ್ಳಿ. 15 ನಾಟ್‌ನಲ್ಲಿ ಎರಡು ಗಂಟೆ, 10 ನಾಟ್‌ನಲ್ಲಿ ಮೂರು ಗಂಟೆ.

ಅವರು ಸ್ವಲ್ಪ ಹೊತ್ತು ಸುಮ್ನೆ ನಿಂತರು. "ಕಣದಲ್ಲಿ ಕಾಫಿ ಚೆರಿ ಒಣಗೋಕೆ ಎರಡು ವಾರ ಕಾಯ್ತೇವೆ. ಇದು ಒಂದು ಗಂಟೆ ಅಲ್ವಾ?" ಅಂದು ಕೂತರು.